ಸೆಲ್ಫ್ ತಿರುಗಿದರೂ ಸ್ಟಾರ್ಟ್ ಆಗದ ಲಾರಿ: ದಾವಣಗೆರೆಯ ಒಂದು ಡೀಸೆಲ್ ವರ್ಕ್‌ಶಾಪಿನ ಕೆಲಸ

ನಮ್ಮದು 2011ರ ಹತ್ತು ಚಕ್ರದ ಲಾರಿ. ಬಿಎಸ್-3 ಹೊಗೆ ನಿಯಮದ ಕಾಲದ ಆರು ಸಿಲಿಂಡರಿನ ಕಾಮನ್ ರೇಲ್ ಎಂಜಿನ್, ಅಂದರೆ ಪಂಪು ಒತ್ತಿದ ಡೀಸೆಲ್ ರೇಲ್ ಎಂಬ ಒಂದೇ ಕೊಳವೆಯಲ್ಲಿ ನಿಂತು, ಅಲ್ಲಿಂದ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಹೋಗುವಂಥದ್ದು. ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ಲಿಗೆ ಹೊರಡಬೇಕಿದ್ದ ದಿನ ಬೆಳಿಗ್ಗೆ ಅದು ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲೇ ನಿಂತುಬಿಟ್ಟಿತು. ಸೆಲ್ಫ್ ಜೋರಾಗಿಯೇ ತಿರುಗುತ್ತಿತ್ತು, ಎಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಮೊದಲು ಬಂದ ಫಿಟ್ಟರ್ ಡೀಸೆಲ್ ಫಿಲ್ಟರ್ ಬದಲಿಸಿ, ಡೀಸೆಲ್ ಪೈಪಿನಲ್ಲಿ ಸೇರಿದ ಏರ್ ತೆಗೆದು, ಅಷ್ಟಕ್ಕೂ ಸ್ಟಾರ್ಟ್ ಆಗದಿದ್ದಾಗ ಪಂಪು ಮತ್ತು ಆರೂ ಇಂಜೆಕ್ಟರ್‌ಗಳನ್ನು ಬಿಚ್ಚಿ ಕಳಿಸಬೇಕು, 1,10,000 ರೂಪಾಯಿ ಆಗುತ್ತದೆ ಎಂದರು. ಯಾವುದನ್ನೂ ಅಳೆದು ನೋಡದೆ ಹೇಳಿದ ಆ ಮೊತ್ತಕ್ಕೆ ಒಪ್ಪಲು ಮನಸ್ಸಾಗಲಿಲ್ಲ. ಲೋಡನ್ನು ಬೇರೆ ಗಾಡಿಗೆ ದಾಟಿಸಿ, ಲಾರಿಯನ್ನು ಎಳೆಸಿಕೊಂಡು ಹೆದ್ದಾರಿಯ ಪಕ್ಕದ ಈ ವರ್ಕ್‌ಶಾಪಿಗೆ ತಂದೆವು.

ಇಲ್ಲಿನ ಹಿರಿಯ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಹೊಗೆ ಬರುತ್ತದೆಯೇ? ಸ್ವಲ್ಪವೂ ಇಲ್ಲ ಎಂದೆವು. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ ಆದರೆ ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಒಳಗೆ ಇಳಿಯುತ್ತಲೇ ಇಲ್ಲ. ಹುಡುಕಾಟದ ಅರ್ಧ ದಾರಿ ಅಲ್ಲಿಯೇ ಮುಗಿದಿತ್ತು.

ಆಮೇಲೆ ಬ್ಯಾಟರಿ ನೋಡಿದರು. ಸೆಲ್ಫ್ ಹೊಡೆಯುವಾಗಲೂ 20 ವೋಲ್ಟಿಗಿಂತ ಕೆಳಗೆ ಇಳಿಯಲಿಲ್ಲವಾದ್ದರಿಂದ ಆ ವಿಷಯ ಅಲ್ಲಿಗೇ ಬಿಟ್ಟರು. ಸ್ಕ್ಯಾನರ್ ಹಾಕಿದಾಗ ಆರ್‌ಪಿಎಂ 190ರ ಆಸುಪಾಸಿನಲ್ಲಿ ಕಾಣಿಸಿತು. ಎಂಜಿನ್ ತಿರುಗುವ ವೇಗವನ್ನು ತಿಳಿಸುವ ಕ್ರ್ಯಾಂಕ್ ಸೆನ್ಸರ್ ಸತ್ತಿದ್ದರೆ ಆ ಜಾಗದಲ್ಲಿ ಸೊನ್ನೆ ಇರುತ್ತಿತ್ತು. ಆದರೆ ರೇಲ್ ಪ್ರೆಶರ್ 90 ಬಾರ್ ದಾಟಲೇ ಇಲ್ಲ. ನಮ್ಮ ಎಂಜಿನ್ನಿನ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಸುಮಾರು 200 ಬಾರ್ ಒತ್ತಡ ಕಾಣುವವರೆಗೆ ಇಂಜೆಕ್ಟರ್‌ಗಳನ್ನು ತೆರೆಯುವುದಿಲ್ಲವೆಂದು ಅವರು ಪರದೆಯನ್ನು ನನ್ನ ಕಡೆಗೆ ತಿರುಗಿಸಿ ವಿವರಿಸಿದರು. ಹೀಗೆ ಅಂಕಿಯನ್ನು ತೋರಿಸಿ ಮಾತನಾಡುವ ಫಿಟ್ಟರನ್ನು ನಾನು ಕಂಡದ್ದು ಕಡಿಮೆ.

ಒತ್ತಡ ಏರದಿರುವುದಕ್ಕೆ ಪಂಪೇ ಕಾರಣವೆಂದು ನಾನು ಆಗಲೂ ನಂಬಿದ್ದೆ. ಅವರು ಹಾಗೆ ನಂಬಲಿಲ್ಲ. ಟ್ಯಾಂಕಿನ ಡೀಸೆಲ್ಲನ್ನು ಮೊದಲು ಸೋಸುವ ಪ್ರಿ-ಫಿಲ್ಟರಿನಿಂದ ಬರುವ ಪೈಪಿಗೆ ಒಂದು ಗೇಣುದ್ದದ ಪಾರದರ್ಶಕ ಟ್ಯೂಬನ್ನು ಸೇರಿಸಿ ಸೆಲ್ಫ್ ಹೊಡೆಸಿದಾಗ, ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಹರಿದವು. ಕ್ಲಾಂಪಿನ ಅಡಿಯಲ್ಲಿ ರಬ್ಬರ್ ಪೈಪು ಸೀಳಿತ್ತು, ಅಲ್ಲಿಂದ ಗಾಳಿ ಒಳಸೇರುತ್ತಿತ್ತು. ಅದನ್ನು ಬದಲಿಸಿದ ಮೇಲೆ ಒತ್ತಡ 130ಕ್ಕೆ ಏರಿತು, ಎಂಜಿನ್ ಇನ್ನೂ ಹಿಡಿಯಲಿಲ್ಲ.

ಮುಂದೆ ನಡೆದ ಪರೀಕ್ಷೆಗಾಗಿಯೇ ನಾನು ಈ ವರ್ಕ್‌ಶಾಪನ್ನು ಇತರರಿಗೆ ಹೇಳಲು ಇಷ್ಟಪಡುತ್ತೇನೆ. ಆರೂ ಇಂಜೆಕ್ಟರ್‌ಗಳಿಂದ ಹೆಚ್ಚಾದ ಡೀಸೆಲ್ ಟ್ಯಾಂಕಿಗೆ ಮರಳುವ ರಿಟರ್ನ್ ಲೈನನ್ನು ಬೇರ್ಪಡಿಸಿ, ಒಂದೊಂದಕ್ಕೆ ಒಂದೊಂದು ಸಣ್ಣ ಬಾಟಲಿ ಕಟ್ಟಿ, ಹದಿನೈದು ಸೆಕೆಂಡಿನಷ್ಟು ಸೆಲ್ಫ್ ಹೊಡೆಸಿದರು. ಐದು ಬಾಟಲಿಗಳ ತಳವಷ್ಟೇ ಒದ್ದೆಯಾಗಿತ್ತು. ನಾಲ್ಕನೆಯದು ಅರ್ಧ ತುಂಬಿತ್ತು. ಪಂಪು ಕೊಟ್ಟ ಡೀಸೆಲ್ಲು ಆ ಒಂದು ಇಂಜೆಕ್ಟರಿನ ಸವೆದ ವಾಲ್ವಿನ ಮೂಲಕ ಟ್ಯಾಂಕಿಗೆ ವಾಪಸು ಹೋಗುತ್ತಿತ್ತು, ರೇಲಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಇಷ್ಟಕ್ಕೂ ಅವರು ತೃಪ್ತರಾಗದೆ, ರೇಲಿನಲ್ಲಿ ಆ ನಾಲ್ಕನೇ ಪೈಪಿನ ಬಾಯಿಗೆ ಪ್ಲಗ್ ಹಾಕಿ ಮತ್ತೆ ಸೆಲ್ಫ್ ಹೊಡೆಸಿದರು. ಒತ್ತಡ 280ಕ್ಕೆ ಹೋಯಿತು, ಎಂಜಿನ್ ಐದೇ ಸಿಲಿಂಡರಿನಲ್ಲಿ ನಡುಗುತ್ತ ಸ್ಟಾರ್ಟ್ ಆಯಿತು. ಪಂಪಿನಲ್ಲಿ ದೋಷವಿಲ್ಲವೆಂಬುದಕ್ಕೆ ನನಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಇಂಜೆಕ್ಟರಿನ ನಟ್ ಸಡಿಲಿಸಿ ಸೆಲ್ಫ್ ಹೊಡೆದು ಏರ್ ತೆಗೆಯುವುದು ನಮ್ಮ ಡ್ರೈವರುಗಳಿಗೆಲ್ಲ ರೂಢಿ. ನಮ್ಮ ಡ್ರೈವರ್ ಅದಕ್ಕೆ ಕೈ ಹಾಕಿದಾಗ ಮೇಸ್ತ್ರಿ ಗದರಿ ನಿಲ್ಲಿಸಿದರು. ಕಾಮನ್ ರೇಲ್ ಎಂಜಿನ್ ಓಡುವಾಗ ಒತ್ತಡ 1,000 ಬಾರ್ ಮೀರಬಹುದು. ಸೂಜಿಯಷ್ಟು ತೆಳ್ಳಗೆ ಚಿಮ್ಮುವ ಡೀಸೆಲ್ಲು ಚರ್ಮವನ್ನು ತೂತು ಮಾಡಿ ಒಳಗೆ ಹೋಗುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಏರ್ ತೆಗೆಯುವುದೇನಿದ್ದರೂ ಫಿಲ್ಟರಿನ ಬಳಿಯ ಹ್ಯಾಂಡ್ ಪಂಪಿನಿಂದ, ಕಡಿಮೆ ಒತ್ತಡದ ಕಡೆಯಲ್ಲಿ ಮಾತ್ರ.

ಖರ್ಚು ಒಟ್ಟು 13,400 ರೂಪಾಯಿ: ಪರೀಕ್ಷೆಗೆ 1,500, ಇಂಜೆಕ್ಟರಿನ ರಿಪೇರಿಗೆ 9,800, ಉಳಿದದ್ದು ಪೈಪು, ವಾಷರ್ ಮತ್ತು ಕೂಲಿ. ಬಿಚ್ಚಿದ ಹಳೆಯ ವಾಲ್ವನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ಕೇಳದೆಯೇ ಕೊಟ್ಟದ್ದು ನನಗೆ ಬಹಳ ಹಿಡಿಸಿತು.

ಕೊರತೆಗಳೂ ಇವೆ. ಇಂಜೆಕ್ಟರ್ ಪರೀಕ್ಷಿಸುವ ಬೆಂಚ್ ಇವರಲ್ಲಿಲ್ಲ, ಹೊರಗೆ ಕಳಿಸುತ್ತಾರೆ. ಅದಕ್ಕಾಗಿ ಒಂದೂವರೆ ದಿನ ಕಾಯಬೇಕಾಯಿತು, ಮತ್ತು ಎಷ್ಟು ಹೊತ್ತಾಗುತ್ತದೆಂದು ಮೊದಲೇ ಸ್ಪಷ್ಟವಾಗಿ ಹೇಳಲಿಲ್ಲ. ಬಾಡಿಗೆಯ ಗಾಡಿ ನಿಂತವನಿಗೆ ಅದು ಸಣ್ಣ ಮಾತಲ್ಲ. ಬಿಲ್ಲಿನಲ್ಲಿ ರಿಪೇರಿಯಾದ ಇಂಜೆಕ್ಟರಿನ ನಂಬರ್ ಬರೆದಿರಲಿಲ್ಲ, ನಾನು ಕೇಳಿ ಬರೆಸಿಕೊಂಡೆ, ನೀವೂ ಬರೆಸಿಕೊಳ್ಳಿ. ರಾತ್ರಿ ಎಂಟರ ಮೇಲೆ ಕೆಲಸ ಹಿಡಿಯುವುದಿಲ್ಲ, ಅಮಾವಾಸ್ಯೆಯ ದಿನ ಪೂಜೆ ಮುಗಿಸಿ ಬಾಗಿಲು ಹಾಕುತ್ತಾರೆ.