ದವಡೆ ಹಲ್ಲಿನ ಜಿರ್ಕೋನಿಯಾ ಕ್ಯಾಪ್: ಕೆಲವು ವರ್ಷ ಕೋರಿ ರೊಟ್ಟಿ ಅಗಿದ ಮೇಲೆ

ಕೆಳದವಡೆಯ ಬಲಬದಿಯ ಹಲ್ಲಿಗೆ ರೂಟ್ ಕೆನಾಲ್ ಆಗಿ, ಮೇಲೆ ಜಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ಸೆರಾಮಿಕ್ ವಸ್ತು) ಕ್ಯಾಪ್ ಹಾಕಿಸಿದ್ದು 2020ರ ಕೊನೆಗೆ, ಮಂಗಳೂರಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ. ಅಂದಿನಿಂದ ಕೋರಿ ರೊಟ್ಟಿ, ಚಕ್ಕುಲಿ, ಹಲಸಿನ ಸೋಂಟೆ ಎಲ್ಲಕ್ಕೂ ಅದೇ ಬದಿ. ಕ್ಯಾಪ್ ಒಡೆದಿಲ್ಲ, ಅಲುಗಿಲ್ಲ, ಬಣ್ಣವೂ ಮಾಸಿಲ್ಲ. ಗಟ್ಟಿತನದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದರ ಅಂಚಿನ ಬಗ್ಗೆ, ಪಕ್ಕದ ಸಂದಿಯ ಬಗ್ಗೆ, ಅದಕ್ಕೆ ತಾಗುವ ಮೇಲಿನ ಹಲ್ಲಿನ ಬಗ್ಗೆ. ಹಾಕಿಸುವ ಮೊದಲು ನನಗೆ ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಮೊದಲು ಒಳ್ಳೆಯದು. ಅಮ್ಮನ ಬಾಯಲ್ಲಿ ಹಳೆಯ ಮೆಟಲ್ ಸೆರಾಮಿಕ್ ಕ್ಯಾಪ್ ಇದೆ. ಒಳಗೆ ಲೋಹ, ಮೇಲೆ ಪಿಂಗಾಣಿ. ಆ ಪಿಂಗಾಣಿ ಒಂದು ಕಡೆ ಚಕ್ಕೆ ಎದ್ದು ಹೋಗಿದೆ, ಒಸಡಿನ ಬುಡದಲ್ಲಿ ಕಪ್ಪು ಗೆರೆ ಕಾಣುತ್ತದೆ. ನನ್ನದು ಇಡೀ ಕ್ಯಾಪ್ ಒಂದೇ ವಸ್ತು. ಚಕ್ಕೆ ಏಳುವುದಕ್ಕೆ ಮೇಲೆ ಬೇರೆ ಪದರವೇ ಇಲ್ಲ. ಜಿರ್ಕೋನಿಯಾಕ್ಕೆ ಸ್ವಲ್ಪ ಇಟ್ರಿಯಾ (ಇಟ್ರಿಯಂ ಲೋಹದ ಆಕ್ಸೈಡ್) ಸೇರಿಸಿರುತ್ತಾರೆ. ಎಲ್ಲಾದರೂ ಬಿರುಕು ಶುರುವಾದರೆ ಆ ಜಾಗದ ಹರಳುಗಳು ರೂಪ ಬದಲಿಸಿ ತುಸು ಉಬ್ಬುತ್ತವೆ. ಆ ಒತ್ತಡಕ್ಕೆ ಬಿರುಕು ಮುಂದೆ ಹೋಗದೆ ನಿಲ್ಲುತ್ತದೆ. 1975ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಈ ಗುಣವನ್ನು ಜಗತ್ತಿಗೆ ತಿಳಿಸಿದಾಗ ಬಳಸಿದ ಹೆಸರು ‘ಸೆರಾಮಿಕ್ ಉಕ್ಕು’. ಅಂದ ಹಾಗೆ, ಇದರ ಮೂಲವಾದ ಜಿರ್ಕಾನ್ ಖನಿಜ ನಮ್ಮ ಪಕ್ಕದ ಕೇರಳದ ಚವರದ ಕಡಲ ಮರಳಿನಲ್ಲೂ ಇದೆ.

ಅಳತೆ ತೆಗೆಯುವ ಕೆಲಸವೂ ಸುಲಭವಾಗಿದೆ. ಬಾಯಿ ತುಂಬ ಅಂಟು ಪೇಸ್ಟ್ ಇಟ್ಟು ವಾಂತಿ ಬರಿಸುವ ಕಾಟ ಇಲ್ಲ. ಪುಟ್ಟ ಕ್ಯಾಮೆರಾ ಬಾಯೊಳಗೆ ಆಡಿಸಿದರು, ಹಲ್ಲು ಕಂಪ್ಯೂಟರ್ ಪರದೆ ಮೇಲೆ ಬಂತು. ಆದರೆ ಕ್ಯಾಪ್ ಅವತ್ತೇ ಸಿಗಲಿಲ್ಲ. ಲ್ಯಾಬ್‌ನಲ್ಲಿ ಜಿರ್ಕೋನಿಯಾವನ್ನು ಮೆದುವಾಗಿರುವಾಗಲೇ, ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆಯುತ್ತಾರೆ. ಆಮೇಲೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸುಟ್ಟಾಗ ಅದು ಐದನೇ ಒಂದು ಭಾಗದಷ್ಟು ಕುಗ್ಗಿ ಸರಿ ಅಳತೆಗೆ ಬರುತ್ತದೆ. ಅಲ್ಲಿವರೆಗೆ ತಾತ್ಕಾಲಿಕ ಪ್ಲಾಸ್ಟಿಕ್ ಕ್ಯಾಪ್.

ಇನ್ನು ಕಿರಿಕಿರಿ. ಕೂರಿಸಿದ ದಿನ ಕ್ಯಾಪ್ ಸ್ವಲ್ಪ ಎತ್ತರ ಅನ್ನಿಸಿತು. ಡಾಕ್ಟ್ರು ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ಉಜ್ಜಿದರು. ಕಚ್ಚುವುದು ಸರಿಯಾಯಿತು, ಆದರೆ ಉಜ್ಜಿದ ಜಾಗ ನಾಲಿಗೆಗೆ ತರಿತರಿ. ಹೇಳಿದರೆ, ‘ಅಭ್ಯಾಸ ಆಗ್ತದೆ ಬಿಡಿ’ ಅಂದರು. ಬರಬರುತ್ತಾ ಮೇಲಿನ ಹಲ್ಲು ತಣ್ಣಗಿನದಕ್ಕೆ ಜುಂ ಅನ್ನತೊಡಗಿತು. ಉಡುಪಿಯ ಇನ್ನೊಬ್ಬರು ಡಾಕ್ಟ್ರು ನೋಡಿದ ಕೂಡಲೇ, ‘ಇದಕ್ಕೆ ಪಾಲಿಶ್ ಆಗಿಲ್ಲ’ ಅಂದರು. ಚೆನ್ನಾಗಿ ಪಾಲಿಶ್ ಆದ ಜಿರ್ಕೋನಿಯಾ ಎದುರಿನ ಹಲ್ಲನ್ನು ಅಷ್ಟಾಗಿ ಸವೆಸುವುದಿಲ್ಲ. ಉಜ್ಜಿ ಒರಟಾಗಿಯೇ ಬಿಟ್ಟರೆ ಅದು ಉಪ್ಪು ಕಾಗದದ ಹಾಗೆ. ಡೈಮಂಡ್ ಪೇಸ್ಟ್ ಹಾಕಿ ಪಾಲಿಶ್ ಮಾಡಿದರು, ಸ್ವಲ್ಪ ಹೊತ್ತಿನ ಕೆಲಸ. ತರಿ ಹೋಯಿತು. ಸವೆದ ಎನಾಮೆಲ್ ವಾಪಸ್ ಬರುವುದಿಲ್ಲ, ಅಲ್ವಾ? ಅದಕ್ಕೇ ಹೇಳುತ್ತಿದ್ದೇನೆ: ಕುರ್ಚಿಯಿಂದ ಏಳುವ ಮೊದಲು ನಾಲಿಗೆ ಆಡಿಸಿ ನೋಡಿ, ತರಿ ಸಿಕ್ಕರೆ ಪಾಲಿಶ್ ಕೇಳಿ. ಸಂಕೋಚ ಬೇಡ.

ಎರಡನೆಯದು ಸಂದಿ. ಪಕ್ಕದ ಹಲ್ಲಿಗೂ ಕ್ಯಾಪಿಗೂ ನಡುವೆ ಕೋಳಿಯ ನಾರು ಸಿಕ್ಕಿಕೊಳ್ಳುತ್ತದೆ, ಬಂಗುಡೆ ಮುಳ್ಳಂತೂ ಕೇಳುವುದೇ ಬೇಡ. ಇದಕ್ಕೆಂದು ಆನ್‌ಲೈನ್‌ನಲ್ಲಿ ವಾಟರ್ ಫ್ಲಾಸರ್, ಅಂದರೆ ನೀರು ಚಿಮ್ಮಿಸಿ ಸಂದಿ ತೊಳೆಯುವ ಯಂತ್ರ, ತರಿಸಿದೆ. 1962ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಒಬ್ಬ ದಂತವೈದ್ಯ, ಒಬ್ಬ ಎಂಜಿನಿಯರ್ ಸೇರಿ ಕಂಡುಹಿಡಿದ ಯಂತ್ರ ಇದು. ಸಿಕ್ಕಿದ ಚೂರು ತೆಗೆಯಲು ಒಳ್ಳೆಯದೇ. ಆದರೆ ಹಲ್ಲಿಗೆ ಅಂಟಿದ ಪಾಚಿ ನೀರಿಗೆ ಪೂರ್ತಿ ಬಿಡುವುದಿಲ್ಲ. ನಮ್ಮ ಮಳೆಗಾಲದಲ್ಲಿ ಅದರ ಟ್ಯಾಂಕ್ ಒಣಗುವುದೇ ಇಲ್ಲ, ಒಳಗೆ ಲೋಳೆ ಕಟ್ಟುತ್ತದೆ. ಬೋರ್‌ವೆಲ್ ನೀರಿನ ಕೆಂಪು ಕಲೆ ಬೇರೆ. ಈಗ ಅದು ಕಪಾಟಿನಲ್ಲಿದೆ. ಮೆಡಿಕಲ್‌ನಲ್ಲಿ ಸಿಗುವ ಸಂದಿಯ ಪುಟ್ಟ ಬ್ರಷ್, ಅಂದರೆ ಇಂಟರ್‌ಡೆಂಟಲ್ ಬ್ರಷ್, ಅಗ್ಗ. ನನಗೆ ಅದೇ ಜಾಸ್ತಿ ಉಪಯೋಗವಾಯಿತು. ಸೈಜ್ ಮಾತ್ರ ಡಾಕ್ಟ್ರ ಹತ್ತಿರ ಕೇಳಿ ತಗೊಳ್ಳಿ. ಬಲವಂತವಾಗಿ ತುರುಕಿದರೆ ಒಸಡಿಗೆ ಗಾಯ.

ಈ ಸಂದಿಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಜಿರ್ಕೋನಿಯಾ ಹುಳುಕಾಗುವುದಿಲ್ಲ, ಅದರ ಕೆಳಗಿನ ಹಲ್ಲು ಹುಳುಕಾಗುತ್ತದೆ. ರೂಟ್ ಕೆನಾಲ್ ಆದ ಹಲ್ಲಿಗೆ ನರ ಇಲ್ಲ, ಹುಳುಕು ಹಿಡಿದರೂ ಜುಂ ಅಂತ ಎಚ್ಚರಿಸುವುದಿಲ್ಲ. ಎಕ್ಸ್‌ರೇಯಲ್ಲಿ ಕ್ಯಾಪ್ ಅಚ್ಚ ಬಿಳಿಯಾಗಿ ಬರುತ್ತದೆ. ಅಂಚು ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಬಿಚ್ಚಿ ನೋಡೋಣ ಅಂದರೆ ಕತ್ತರಿಸಿಯೇ ತೆಗೆಯಬೇಕು, ಅದಕ್ಕೂ ಡೈಮಂಡ್ ಬರ್ (ವಜ್ರದ ಪುಡಿ ಲೇಪಿಸಿದ ಕೊರೆಯುವ ಮೊನೆ) ಬೇಕು. ನನಗೆ ಕೊಟ್ಟ ವಾರಂಟಿ ಕಾರ್ಡ್ ಚೆಂದ ಇದೆ, ಆದರೆ ಅದು ಕ್ಯಾಪ್ ಒಡೆದರೆ ಮಾತ್ರ. ಹಲ್ಲು ಹೋದರೆ ಅದರಲ್ಲಿ ಒಂದು ಸಾಲೂ ಇಲ್ಲ.

ಬಾಯಿಯ ಮುಂಭಾಗದ ಹಲ್ಲಿಗೆ ಹಾಕಿಸುವವರು ನನ್ನ ಅನುಭವ ನೋಡಿ ತೀರ್ಮಾನ ಮಾಡಬೇಡಿ. ನನ್ನದು ಗಟ್ಟಿ ನಮೂನೆ, ಬೆಳಕು ಹಾಯದ ಸುಣ್ಣದ ಬಿಳಿ. ಇಟ್ರಿಯಾ ಜಾಸ್ತಿ ಇರುವ ಹೊಸ ನಮೂನೆಗಳು ನಿಜವಾದ ಹಲ್ಲಿನಂತೆ ಕಾಣುತ್ತವೆ, ಆದರೆ ಬಲ ಕಡಿಮೆ. ಯಾವುದು ಹಾಕುತ್ತೀರಿ ಅಂತ ಕೇಳಿಯೇ ಒಪ್ಪಿಕೊಳ್ಳಿ.

ದುಡ್ಡಿನ ವಿಷಯ: ಮೆಟಲ್ ಸೆರಾಮಿಕ್‌ಗಿಂತ ನನಗೆ ಎರಡು ಪಟ್ಟಿಗೂ ಜಾಸ್ತಿ ಬಿತ್ತು. ಭಾರ ಅನ್ನಿಸಿದರೆ ನಮ್ಮ ಕಡೆ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಮಣಿಪಾಲದ್ದು 1965ರಿಂದ ಇದೆ, ಮಂಗಳೂರು ಪೇಟೆಯಲ್ಲೂ ಇವೆ, ದೇರಳಕಟ್ಟೆಯಲ್ಲಿ ಮತ್ತೆರಡು. ಸಾಮಾನ್ಯವಾಗಿ ಅಲ್ಲಿ ಖರ್ಚು ಕಡಿಮೆ. ವಿದ್ಯಾರ್ಥಿಗಳು ಕೆಲಸ ಮಾಡುವಾಗ ಮೇಲಿನವರು ಬಂದು ನೋಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ.