ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲ್‌ನಿಂದ ಲಿವರ್‌ಗೆ ಪೆಟ್ಟು: ಪ್ರಮಾಣ ಬರೆಯದ ಡಬ್ಬಿಯನ್ನು ಕೊಳ್ಳಬೇಡಿ

ಆ್ಯಂಟಿಆಕ್ಸಿಡೆಂಟ್ (ಜೀವಕೋಶಗಳಿಗೆ ಆಗುವ ಹಾನಿಯನ್ನು ತಡೆಯುತ್ತದೆ ಎನ್ನುವ ಅಂಶ) ಹೆಸರಿನ ಕ್ಯಾಪ್ಸೂಲ್ ತಗೊಳ್ಳುತ್ತಿದ್ದರೆ ಡಬ್ಬಿ ತಿರುಗಿಸಿ ಹಿಂಭಾಗ ಓದಿ. ಅದರಲ್ಲಿ ಗ್ರೀನ್ ಟೀ ಎಕ್ಸ್‌ಟ್ರಾಕ್ಟ್, ಅಂದರೆ ಗ್ರೀನ್ ಟೀ ಸಾರ ಇದೆಯಾ? ಇದ್ದರೆ ಎಷ್ಟು ಮಿಲಿಗ್ರಾಂ? ನಾನು ತಗೊಂಡ ಡಬ್ಬಿಯಲ್ಲಿ ಅದರ ಹೆಸರಿತ್ತು, ಪ್ರಮಾಣ ಇರಲಿಲ್ಲ. ದ್ರಾಕ್ಷಿ ಬೀಜ, ದಾಳಿಂಬೆ, ಅರಿಶಿನ, ಗ್ರೀನ್ ಟೀ ಎಲ್ಲವನ್ನೂ 'ಪ್ರೊಪ್ರೈಟರಿ ಬ್ಲೆಂಡ್' ಎಂಬ ಒಂದೇ ಸಾಲಿಗೆ ಸೇರಿಸಿ, ಒಟ್ಟು ತೂಕ ಮಾತ್ರ ಹಾಕಿದ್ದರು. ಯಾವುದು ಎಷ್ಟಿದೆ ಅಂತ ಕೊಂಡವರಿಗೆ ತಿಳಿಯುವ ದಾರಿಯೇ ಇಲ್ಲ. ಅದರ ಕೆಳಗೆ, ಒಳ್ಳೆಯ ಫಲಿತಾಂಶಕ್ಕೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ ಎಂಬ ಸಲಹೆ ಬೇರೆ.

ಮೊದಲು ಸುಸ್ತು ಶುರುವಾಯಿತು. ಆಮೇಲೆ ಹಸಿವು ಸತ್ತುಹೋಯಿತು. ಊಟದ ವಾಸನೆಗೇ ವಾಕರಿಕೆ, ರಾತ್ರಿಯಿಡೀ ಮೈ ತುರಿಕೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದಾಗ ಡಾಕ್ಟರ್ ಹತ್ತಿರ ಹೋದೆ. ಅಷ್ಟರಲ್ಲಿ ಕಣ್ಣೂ ಹಳದಿಯಾಗಿತ್ತು. ರಕ್ತ ಪರೀಕ್ಷೆಯಲ್ಲಿ, ಲಿವರ್‌ಗೆ ಪೆಟ್ಟಾದಾಗ ಏರುವ ಲಿವರ್ ಕಿಣ್ವಗಳು ವಿಪರೀತ ಏರಿದ್ದವು. ಹೆಪಟೈಟಿಸ್ ವೈರಸ್‌ಗಳ ಪರೀಕ್ಷೆ ಮಾಡಿದರು, ಯಾವುದೂ ಇಲ್ಲ. ಸ್ಕ್ಯಾನ್‌ನಲ್ಲಿ ಪಿತ್ತನಾಳದಲ್ಲಿ ಕಲ್ಲೂ ಇಲ್ಲ, ತಡೆಯೂ ಇಲ್ಲ. ನನಗೆ ಕುಡಿಯುವ ಅಭ್ಯಾಸವಿಲ್ಲ. ಕೊನೆಗೆ ಡಾಕ್ಟರ್ ಕೇಳಿದರು: "ಔಷಧಿ ಬಿಟ್ಟು ಬೇರೆ ಏನಾದರೂ ತಗೊಳ್ತಿದ್ದೀರಾ? ವಿಟಮಿನ್, ಪುಡಿ, ಕಷಾಯ, ಏನೇ ಇರಲಿ, ಹೇಳಿ." ಡಬ್ಬಿಯ ಫೋಟೋ ತೋರಿಸಿದೆ. ಅವತ್ತೇ ನಿಲ್ಲಿಸಿದರು. ಕಿಣ್ವಗಳು ವಾರ ವಾರಕ್ಕೂ ಇಳಿಯುತ್ತಾ ಬಂದವು. ಸುಸ್ತು ಮಾತ್ರ ಅಷ್ಟು ಬೇಗ ಬಿಡಲಿಲ್ಲ.

ಗ್ರೀನ್ ಟೀ ಅಂದರೆ ಒಳ್ಳೆಯದೇ ಅಲ್ವಾ ಅಂತ ನೀವು ಕೇಳಬಹುದು. ಲೋಟದಲ್ಲಿ ಕುಡಿಯುವ ಚಹಾ ಬೇರೆ, ಅದರ ಸಾರವನ್ನು ಒತ್ತೊತ್ತಾಗಿ ತುಂಬಿದ ಕ್ಯಾಪ್ಸೂಲ್ ಬೇರೆ. ಗ್ರೀನ್ ಟೀಯಲ್ಲಿರುವ ಮುಖ್ಯ ಆ್ಯಂಟಿಆಕ್ಸಿಡೆಂಟ್ ಇಜಿಸಿಜಿ. ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿ ಹೋದರೆ ಲಿವರ್ ಕಿಣ್ವಗಳು ಏರಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿತ್ತು. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಅದು ರಕ್ತಕ್ಕೆ ಇನ್ನೂ ಜಾಸ್ತಿ ಸೇರುತ್ತದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ನಿಯಮವನ್ನೇ ತಂದಿತು. ಒಂದು ದಿನದ ಡೋಸ್ 800 ಮಿಲಿಗ್ರಾಂಗಿಂತ ಕಡಿಮೆ ಇರಬೇಕು, ಖಾಲಿ ಹೊಟ್ಟೆಯಲ್ಲಿ ಬೇಡ ಎಂದು ಲೇಬಲ್‌ನಲ್ಲಿ ಬರೆಯಬೇಕು. ನನ್ನ ಡಬ್ಬಿ ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ! ಕೆಲವರ ದೇಹಕ್ಕೆ ಇದಕ್ಕಿಂತ ಕಡಿಮೆ ಪ್ರಮಾಣವೂ ಒಗ್ಗುವುದಿಲ್ಲ. ಯಾರಿಗೆ ಒಗ್ಗುವುದಿಲ್ಲ ಅಂತ ಮೊದಲೇ ಹೇಳುವುದು ಕಷ್ಟ.

ಕಂಪನಿಗೆ ಬರೆದು ಕೇಳಿದೆ. ಒಂದು ಕ್ಯಾಪ್ಸೂಲ್‌ನಲ್ಲಿ ಇಜಿಸಿಜಿ ಎಷ್ಟಿದೆ? ಅದು ವ್ಯಾಪಾರದ ಗುಟ್ಟು, ನಮ್ಮದು ಶುದ್ಧ ನೈಸರ್ಗಿಕ ಉತ್ಪನ್ನ ಎಂಬ ಉತ್ತರ ಬಂತು. ಆಸ್ಪತ್ರೆಯಲ್ಲಿ ರಿಪೋರ್ಟ್ ಹಿಡಿದು ಕೂತವರಿಗೆ ಹೇಳುವ ಮಾತಾ ಇದು? ನನಗೆ ಇವತ್ತಿಗೂ ಸಿಟ್ಟಿದೆ.

ಇಷ್ಟೆಲ್ಲ ಅಪಾಯಕ್ಕೆ ಸಿಗುವ ಲಾಭವಾದರೂ ಏನು? ಹಣ್ಣು, ತರಕಾರಿ ಜಾಸ್ತಿ ತಿನ್ನುವವರು ಆರೋಗ್ಯವಾಗಿರುತ್ತಾರೆ ಎಂಬುದು ನಿಜ. ಅದರಲ್ಲಿರುವ ಒಂದೊಂದು ಅಂಶವನ್ನು ತೆಗೆದು ಮಾತ್ರೆ ಮಾಡಿ ಕೊಟ್ಟಾಗ ಅದೇ ಫಲ ಬರಲಿಲ್ಲ. ಫಿನ್‌ಲೆಂಡ್‌ನಲ್ಲಿ 29,133 ಧೂಮಪಾನಿಗಳ ಮೇಲೆ ಪ್ರಯೋಗ ನಡೆಯಿತು. ಕ್ಯಾರೆಟ್‌ನಂಥ ತರಕಾರಿಗಳಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಆ್ಯಂಟಿಆಕ್ಸಿಡೆಂಟನ್ನು ಮಾತ್ರೆಯಾಗಿ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಕಂಡಿತು. ಇದು ಪ್ರಕಟವಾದದ್ದು 1994ರಲ್ಲಿ. ಅಮೆರಿಕದಲ್ಲಿ ನಡೆದ ಇನ್ನೊಂದು ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಇ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚಿತ್ತು ಎಂದು 2011ರ ವರದಿ ಹೇಳಿತು. ಸಿಗರೇಟು ಸೇದುವವರು, ಹಿಂದೆ ಸೇದಿ ಬಿಟ್ಟವರು ಬೀಟಾ ಕ್ಯಾರೋಟಿನ್ ಮಾತ್ರೆಯನ್ನು ದಯವಿಟ್ಟು ಮುಟ್ಟಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಜಾಸ್ತಿ ಡೋಸ್‌ನ ವಿಟಮಿನ್ ಇ ಶುರು ಮಾಡಬೇಡಿ, ರಕ್ತಸ್ರಾವ ಆಗಬಹುದು.

ವಯಸ್ಸಾದವರ ಕಣ್ಣಿನ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆತಕ್ಕೆ ಆ್ಯಂಟಿಆಕ್ಸಿಡೆಂಟ್‌ಗಳ ಒಂದು ನಿರ್ದಿಷ್ಟ ಮಿಶ್ರಣ ಉಪಯೋಗಕ್ಕೆ ಬರುತ್ತದೆ. ಅದನ್ನು ಕಣ್ಣಿನ ಡಾಕ್ಟರ್ ಪರೀಕ್ಷೆ ಮಾಡಿ ಕೊಡುತ್ತಾರೆ. ಅದರ ಮಾತು ಬೇರೆ.

ಸಪ್ಲಿಮೆಂಟ್‌ಗಳನ್ನು ಪರೀಕ್ಷಿಸುವ ಯುಎಸ್‌ಪಿ, ಎನ್‌ಎಸ್‌ಎಫ್ ಸಂಸ್ಥೆಗಳ ಮುದ್ರೆ ಇದ್ದರೆ ಸಾಕಲ್ವಾ ಅಂತ ಕೆಲವರು ಕೇಳಿದರು. ಲೇಬಲ್‌ನಲ್ಲಿ ಬರೆದದ್ದು ಡಬ್ಬಿಯೊಳಗೆ ಇದೆಯಾ, ಸೀಸದಂಥ ಕಲಬೆರಕೆ ಇದೆಯಾ ಎಂಬುದನ್ನು ಅವರು ನೋಡುತ್ತಾರೆ. ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಆ ಮಾತ್ರೆಯಿಂದ ನಿಮಗೆ ಲಾಭ ಇದೆ ಎಂದು ಆ ಮುದ್ರೆ ಹೇಳುವುದಿಲ್ಲ.

ಈಗಾಗಲೇ ತಗೊಳ್ಳುತ್ತಿರುವವರು ಎರಡು ಡಬ್ಬಿಗಳಲ್ಲಿ ಒಂದೇ ಸಾರ ಇದೆಯಾ ನೋಡಿ. ತೂಕ ಇಳಿಸುವ ಕೆಲವು ಮಾತ್ರೆಗಳಲ್ಲೂ ಗ್ರೀನ್ ಟೀ ಸಾರ ಇರುತ್ತದೆ, ಆಗ ಎರಡೂ ಸೇರಿ ಡೋಸ್ ಏರಿಬಿಡುತ್ತದೆ. ಮೂತ್ರ ಕಪ್ಪಾದರೆ, ತುರಿಕೆ ಶುರುವಾದರೆ, ಕಣ್ಣು ಹಳದಿಯಾದರೆ ಕ್ಯಾಪ್ಸೂಲನ್ನು ತಕ್ಷಣ ನಿಲ್ಲಿಸಿ, ಅವತ್ತೇ ಡಾಕ್ಟರನ್ನು ನೋಡಿ. ಡಬ್ಬಿಯನ್ನು ಎಸೆಯಬೇಡಿ, ಜೊತೆಗೇ ತಗೊಂಡು ಹೋಗಿ. ಬ್ಯಾಚ್ ನಂಬರ್ ಇದ್ದರೆ ದೂರು ಕೊಡುವುದಕ್ಕೂ ಬೇಕಾಗುತ್ತದೆ.