ಹತ್ತು ಚಿತ್ರಗಳ ಪರೀಕ್ಷೆ: ಎಲ್‌ಆರ್‌ಪಿಎಸ್ ಮನ್ನಣೆ ಪಡೆದ ಅನುಭವ

ತುಮಕೂರಿನ ಅಶೋಕ ರಸ್ತೆಗೆ ಹೊಂದಿಕೊಂಡ ಓಣಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸ್ಟುಡಿಯೋ ನಡೆಸುತ್ತಿದ್ದೇನೆ. ಪಾಸ್‌ಪೋರ್ಟ್ ಫೋಟೋದಿಂದ ಹಿಡಿದು ಮದುವೆ ಆಲ್ಬಂವರೆಗೆ ಎಲ್ಲ ಕೆಲಸವನ್ನೂ ಮಾಡುವ ನಾನು ಈ ಕಸುಬನ್ನು ಕಲಿತದ್ದು ಸೋದರಮಾವನವರ ಡಾರ್ಕ್‌ರೂಮಿನಲ್ಲಿ, ಯಾವ ಕಾಲೇಜಿನಲ್ಲೂ ಅಲ್ಲ. ನಮ್ಮ ದೇಶದಲ್ಲಿ ಛಾಯಾಗ್ರಾಹಕನಾಗಲು ಪ್ರಮಾಣಪತ್ರ ಕಡ್ಡಾಯವಿಲ್ಲದ ಕಾರಣ ನನಗೂ ಅದರ ಅಗತ್ಯ ಕಂಡಿರಲಿಲ್ಲ. ಆದರೆ ಕಾರ್ಖಾನೆಯೊಂದರ ಫೋಟೋ ಕೆಲಸಕ್ಕೆ ಅರ್ಜಿ ತುಂಬುವಾಗ ‘ವೃತ್ತಿ ಅರ್ಹತೆ’ ಎಂಬ ಕಾಲಂ ಎದುರಾಯಿತು. ಇಷ್ಟು ವರ್ಷದ ದುಡಿಮೆಯನ್ನು ಆ ಪುಟ್ಟ ಜಾಗದಲ್ಲಿ ಹೇಗೆ ಬರೆಯಬೇಕೆಂದು ತಿಳಿಯದೆ ಅದನ್ನು ಖಾಲಿ ಬಿಟ್ಟು ಬಂದೆ. ಅಂದಿನಿಂದ ಆ ಕಾಲಂಗೆ ಹೊಂದುವ ಮನ್ನಣೆಯೊಂದರ ಹುಡುಕಾಟ ಆರಂಭವಾಯಿತು.

ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಾಪನೆಯಾದ ಪಿಪಿಎ ಎಂಬ ವೃತ್ತಿಪರ ಛಾಯಾಗ್ರಾಹಕರ ಸಂಘ ಕೊಡುವ ಸಿಪಿಪಿ ಪ್ರಮಾಣಪತ್ರಕ್ಕೆ ಲಿಖಿತ ಪರೀಕ್ಷೆಯೂ ಇದೆ, ಚಿತ್ರಗಳ ಪರಿಶೀಲನೆಯೂ ಇದೆ. ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. 1950ರಲ್ಲಿ ಆರಂಭವಾದ ಛಾಯಾಗ್ರಹಣ ಕಲೆಯ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಪಿಯ ದಾರಿ ಬೇರೆ. ಅದು ಮಾನ್ಯ ಮಾಡಿದ ಸ್ಪರ್ಧೆಗಳಲ್ಲಿ ನಮ್ಮ ಚಿತ್ರಗಳು ಒಂದೊಂದಾಗಿ ಆಯ್ಕೆಯಾಗುತ್ತ, ಆ ಲೆಕ್ಕ ತುಂಬಿದ ಮೇಲೆ ಎಎಫ್‌ಐಎಪಿ ಎಂಬ ಬಿರುದು ಸಿಗುತ್ತದೆ. ನಾನು ಆರಿಸಿಕೊಂಡದ್ದು 1853ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಈಗ ಬ್ರಿಸ್ಟಲ್ ನಗರದಲ್ಲಿ ನೆಲೆಸಿರುವ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಮೊದಲ ಹಂತದ ಮನ್ನಣೆಯಾದ ಎಲ್‌ಆರ್‌ಪಿಎಸ್ ಅನ್ನು. ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರು ಇದೇ ಸೊಸೈಟಿಯ ಫೆಲೋ, ಅಂದರೆ ಮೇಲಿನ ಹಂತದ ಮನ್ನಣೆ ಪಡೆದವರು, ಆಗಿದ್ದರೆಂಬ ಸಂಗತಿಯೂ ಈ ಆಯ್ಕೆಗೆ ಒಂದು ಕಾರಣ. ನಮ್ಮ ತಲೆಮಾರಿನ ಅನೇಕರು ಇಂಥ ಮನ್ನಣೆಯನ್ನು ಸೂಚಿಸುವ ಮೂರ್ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಮೊದಲು ಕಂಡದ್ದೇ ಅಂಥ ಹಿರಿಯರ ಹೆಸರಿನ ಮುಂದೆ.

ಎಲ್‌ಆರ್‌ಪಿಎಸ್ ಕೇಳುವುದು ಹತ್ತು ಚಿತ್ರಗಳನ್ನು ಮಾತ್ರ. ಅವು ಒಂದೇ ವಿಷಯದ ಮೇಲಿರಬೇಕೆಂಬ ನಿಯಮವಿಲ್ಲ. ಜೊತೆಗೆ ಆ ಹತ್ತನ್ನೂ ಯಾವ ಕ್ರಮದಲ್ಲಿ ಜೋಡಿಸಿ ನೋಡಬೇಕೆಂಬ ನಕ್ಷೆಯನ್ನು ಕಳಿಸಬೇಕು. ಪ್ರಿಂಟ್ ಕಳಿಸಬಹುದು, ಡಿಜಿಟಲ್ ಫೈಲುಗಳನ್ನೂ ಕಳಿಸಬಹುದು; ತುಮಕೂರಿನಿಂದ ಅಷ್ಟು ದೂರಕ್ಕೆ ಪ್ರಿಂಟ್ ಕಳಿಸುವ ತಾಪತ್ರಯ ಬೇಡವೆಂದು ನಾನು ಡಿಜಿಟಲ್ ಆರಿಸಿದೆ. ಕ್ಯಾಮೆರಾ ಮತ್ತು ಎಡಿಟಿಂಗ್ ಮೇಲಿನ ಹಿಡಿತ, ಬೆಳಕು ಮತ್ತು ಚೌಕಟ್ಟಿನ ಬಗೆಗಿನ ನೋಟ, ನೋಡುವವನಿಗೆ ಚಿತ್ರ ಏನು ಹೇಳುತ್ತದೆ ಎಂಬುದು, ಹತ್ತೂ ಸೇರಿ ಒಂದು ಕೈಯ ಕೆಲಸವಾಗಿ ಕಾಣುತ್ತದೆಯೇ ಎಂಬುದು, ಇವೆಲ್ಲವನ್ನೂ ತೀರ್ಪುಗಾರರ ತಂಡ ಒಟ್ಟಾಗಿ ತೂಗುತ್ತದೆ.

ಮೊದಲ ಸಲ ನಾನು ತೇರ್ಗಡೆಯಾಗಲಿಲ್ಲ. ಬಂದ ಟಿಪ್ಪಣಿಯಲ್ಲಿ ಮಧುಗಿರಿ ಬೆಟ್ಟದ ಚಿತ್ರದ ಬಗ್ಗೆ ಎರಡು ಸಾಲುಗಳಿದ್ದವು. ಮುಂಜಾನೆಯ ಮೋಡದ ಎದುರು ಆ ಏಕಶಿಲೆ ಎದ್ದು ನಿಂತ ಚಿತ್ರವದು. ಸ್ಟುಡಿಯೋ ಗೋಡೆಯ ಮೇಲೆ ನಾಲ್ಕು ವರ್ಷದಿಂದ ಇದೆ, ಕಂಡವರೆಲ್ಲ ಮೆಚ್ಚಿದ್ದಾರೆ. ಬಂಡೆಯ ಅಂಚಿನಲ್ಲಿ ಬಿಳಿ ಗೆರೆ ಮೂಡಿದೆ ಎಂದು ಬರೆದಿದ್ದರು. ಕಂಪ್ಯೂಟರಿನಲ್ಲಿ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿ ನೋಡಿದಾಗ ಬೆಟ್ಟದ ಬೆನ್ನಿಗೂ ಆಕಾಶಕ್ಕೂ ನಡುವೆ ಹೂ ಕಟ್ಟುವ ದಾರದಷ್ಟು ಸಣ್ಣ ಬೆಳ್ಳನೆಯ ಎಳೆ ಉದ್ದಕ್ಕೂ ಹರಿದಿತ್ತು. ಚಿತ್ರಕ್ಕೆ ಗಡಸುತನ ಬರಲೆಂದು ಎಡಿಟಿಂಗ್ ತಂತ್ರಾಂಶದಲ್ಲಿ ಕ್ಲಾರಿಟಿ ಎಂಬ ಹೊಂದಿಕೆಯನ್ನು ಮಿತಿ ಮೀರಿ ಎಳೆದಿದ್ದೆ. ಹಾಗೆ ಮಾಡಿದಾಗ ತಂತ್ರಾಂಶವು ಕಪ್ಪು–ಬಿಳುಪು ಸೇರುವ ಅಂಚಿನ ಎರಡೂ ಬದಿಯನ್ನು ಉತ್ಪ್ರೇಕ್ಷಿಸುವುದರಿಂದ ಇಂಥ ಎಳೆ ಹುಟ್ಟುತ್ತದೆ. ಆ ರಾತ್ರಿ ಹಳೆಯ ಮದುವೆ ಆಲ್ಬಂಗಳನ್ನು ತೆರೆದು ಕುಳಿತೆ. ಧಾರೆಯ ಹೊತ್ತಿನ ಎಷ್ಟೋ ಚಿತ್ರಗಳಲ್ಲಿ ಮದುಮಗನ ಪೇಟದ ಸುತ್ತಲೂ ಅದೇ ಎಳೆ ಇತ್ತು. ಯಾವ ಗಿರಾಕಿಯೂ ಅದನ್ನು ತೋರಿಸಿರಲಿಲ್ಲ. ತೋರಿಸುವುದು ಅವರ ಕೆಲಸವೂ ಅಲ್ಲ. ನನ್ನ ಮಟ್ಟಿಗೆ ಈ ಮನ್ನಣೆಯ ಬೆಲೆ ಇರುವುದು ಆ ಎರಡು ಸಾಲಿನಲ್ಲೇ, ಹೆಸರಿನ ಮುಂದೆ ಸೇರಿದ ಅಕ್ಷರಗಳಲ್ಲಲ್ಲ.

ಇನ್ನೊಂದು ಚಿತ್ರ ಕಲ್ಯಾಣ ಮಂಟಪದ ಒಳಗಿನದು. ಅದರಲ್ಲಿ ಅಡ್ಡಡ್ಡ ಮಂಕು ಪಟ್ಟೆಗಳಿದ್ದವು. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಶಟರ್ ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಇಳಿಸಿದರೆ ಪಟ್ಟೆ ಬಹುಮಟ್ಟಿಗೆ ಹೋಗುತ್ತದೆ. ಇದು ಗೊತ್ತಿದ್ದ ಸಂಗತಿಯೇ, ಆದರೆ ಮುಹೂರ್ತದ ಗಡಿಬಿಡಿಯಲ್ಲಿ ಅದನ್ನು ಪಾಲಿಸುತ್ತಿರಲಿಲ್ಲ. ಈಗ ಮಂಟಪಕ್ಕೆ ಕಾಲಿಟ್ಟೊಡನೆ ಮೊದಲು ಮಾಡುವುದೇ ಪಟ್ಟೆ ಬೀಳುತ್ತದೆಯೇ ಎಂಬ ಪರೀಕ್ಷೆ.

ಎರಡನೆಯ ಪ್ರಯತ್ನಕ್ಕೆ ಮೂವತ್ತು ಚಿತ್ರಗಳನ್ನು ಅಂಗೈಯಗಲದ ಪ್ರಿಂಟ್ ಹಾಕಿಸಿ ಸ್ಟುಡಿಯೋ ನೆಲದ ಮೇಲೆ ಹರಡಿಕೊಂಡೆ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿರುವ ಕೈಗಳು, ದೇವರಾಯನದುರ್ಗದ ಮಂಜು, ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ನೆಗೆಯುವ ಕೃಷ್ಣಮೃಗ, ಗುಬ್ಬಿಯ ಕಡೆ ಅಡಿಕೆ ಸುಲಿಯುತ್ತಿರುವ ಅಜ್ಜಿ. ಬಿಡಿಬಿಡಿಯಾಗಿ ಚೆನ್ನಾಗಿದ್ದ ಚಿತ್ರಗಳು ಪಕ್ಕಪಕ್ಕ ಇಟ್ಟೊಡನೆ ಒಂದಕ್ಕೊಂದು ಮುನಿಸಿಕೊಂಡವು. ಸಾಲಿನ ಎಡತುದಿಯಲ್ಲಿ ಅಜ್ಜಿಯ ಚಿತ್ರ ಇಟ್ಟಿದ್ದೆ. ಕೆಲಸಕ್ಕಿರುವ ಹುಡುಗ ಟೀ ತಂದವನು ನಿಂತು ನೋಡಿ, ‘ಅಣ್ಣ, ಅಜ್ಜಿ ಗೋಡೆ ಕಡೆ ನೋಡ್ತಾ ಅವ್ರಲ್ಲ’ ಎಂದ. ಅವನ ಮಾತು ನಿಜವಾಗಿತ್ತು. ಎಡತುದಿಯ ಮುಖ ಎಡಕ್ಕೇ ತಿರುಗಿದ್ದರೆ ನೋಡುವವನ ಕಣ್ಣೂ ಸಾಲಿನಿಂದ ಹೊರಗೆ ಹೋಗುತ್ತದೆ. ಅಜ್ಜಿಯನ್ನು ಬಲತುದಿಗೆ ಕಳಿಸಿ, ಕೃಷ್ಣಮೃಗವನ್ನು ಎಡದಿಂದ ಒಳಮುಖವಾಗಿ ನೆಗೆಯುವಂತೆ ಇಟ್ಟ ಮೇಲೆ ಸಾಲು ನಿಂತಿತು. ಈ ಜೋಡಣೆಗೇ ಹನ್ನೊಂದು ದಿನ ಹಿಡಿಯಿತು. ಅತ್ಯಂತ ಪ್ರೀತಿಯ ಎರಡು ಚಿತ್ರಗಳನ್ನು ಕೈಬಿಡಬೇಕಾಯಿತು. ಈ ಸಲ ತೇರ್ಗಡೆಯಾಯಿತು.

ಶುಲ್ಕ ಪೌಂಡ್‌ನಲ್ಲಿದೆ, ರೂಪಾಯಿಗೆ ಬದಲಿಸಿದಾಗ ಸಣ್ಣ ಸ್ಟುಡಿಯೋಗೆ ಭಾರವೆನಿಸುತ್ತದೆ. ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ಇರುವುದರಿಂದ ಟಿಪ್ಪಣಿಗಳನ್ನು ಪದವಿ ಓದುತ್ತಿರುವ ಮಗಳ ಜೊತೆ ಕುಳಿತು ಓದಿದೆ. ಹೆಸರಿನ ಮುಂದೆ ಅಕ್ಷರಗಳನ್ನು ಬಳಸಬೇಕಾದರೆ ಸೊಸೈಟಿಯ ಸದಸ್ಯತ್ವವನ್ನು ಮುಂದುವರಿಸಬೇಕು, ಆದ್ದರಿಂದ ಖರ್ಚು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಅರ್ಜಿ ಹಾಕುವ ಮೊದಲು ಆನ್‌ಲೈನಿನಲ್ಲಿ ಅನುಭವಿಗಳೊಬ್ಬರಿಗೆ ಚಿತ್ರಗಳನ್ನು ತೋರಿಸಿ ಸಲಹೆ ಪಡೆಯುವ ವ್ಯವಸ್ಥೆ ಇದೆ. ನಾನು ಅದನ್ನು ಎರಡನೆಯ ಸಲ ಮಾತ್ರ ಬಳಸಿಕೊಂಡೆ, ಮೊದಲೇ ಬಳಸಿದ್ದರೆ ಒಂದು ಶುಲ್ಕ ಉಳಿಯುತ್ತಿತ್ತು.

ಮನ್ನಣೆ ಬಂದ ಮೇಲೆ ಮದುವೆ ಆರ್ಡರ್ ಹೆಚ್ಚಿತೇ ಎಂದು ಜೊತೆಯ ಸ್ಟುಡಿಯೋದವರು ಕೇಳುತ್ತಾರೆ. ಹೆಚ್ಚಲಿಲ್ಲ. ನಮ್ಮಲ್ಲಿ ಮದುವೆಯ ಕೆಲಸ ಬರುವುದು ನೆಂಟರ ಮನೆಯ ಆಲ್ಬಂ ನೋಡಿ, ಬೋರ್ಡಿನ ಮೇಲಿನ ಅಕ್ಷರ ನೋಡಿಯಲ್ಲ. ಸಂಸ್ಥೆಗಳ ಅರ್ಜಿಯಲ್ಲಿ ಆ ಕಾಲಂ ತುಂಬಲು ಈಗ ಒಂದು ಮಾತಿದೆ, ಅಷ್ಟರ ಮಟ್ಟಿಗೆ ಅನುಕೂಲವಾಗಿದೆ. ವ್ಯಾಪಾರಕ್ಕಾಗಿಯೇ ಹಣ ಹಾಕುವವರು ಅದೇ ಹಣದಲ್ಲಿ ಒಂದು ಒಳ್ಳೆಯ ಲೆನ್ಸ್ ಕೊಳ್ಳುವುದು ಲೇಸು. ಎರಡು ದಿನ ಕುಳಿತರೆ ‘ಅಂತರರಾಷ್ಟ್ರೀಯ ಪ್ರಮಾಣಪತ್ರ’ ಕೊಡುವ ಶಿಬಿರವೊಂದಕ್ಕೆ ನಾನೂ ಹಿಂದೊಮ್ಮೆ ಹಣ ಕಟ್ಟಿದ್ದೆ. ಅಲ್ಲಿ ನನ್ನ ಒಂದು ಚಿತ್ರವನ್ನೂ ಯಾರೂ ನೋಡಲಿಲ್ಲ. ಹಣ ಕಟ್ಟುವ ಮುನ್ನ ‘ನನ್ನ ಚಿತ್ರಗಳನ್ನು ಯಾರು ನೋಡುತ್ತಾರೆ, ಬರಹದಲ್ಲಿ ಏನು ಕೊಡುತ್ತೀರಿ’ ಎಂದು ಕೇಳಿ ತಿಳಿದುಕೊಳ್ಳಬೇಕೆಂದು ಕಿರಿಯ ಛಾಯಾಗ್ರಾಹಕರಲ್ಲಿ ಕೇಳಿಕೊಳ್ಳುತ್ತೇನೆ.

ಮುಂದಿನ ಹಂತವಾದ ಎಆರ್‌ಪಿಎಸ್‌ಗೆ ಒಂದೇ ವಿಷಯವನ್ನು ಹಿಡಿದು 15 ಚಿತ್ರಗಳ ಜೊತೆ ಉದ್ದೇಶವನ್ನು ತಿಳಿಸುವ ಕಿರುಬರಹವನ್ನೂ ಕೊಡಬೇಕು. ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿದು, ಬೀಜ ನಾರು ಬಿಡಿಸುವ ನಮ್ಮ ಕಡೆಯ ಹೆಣ್ಣುಮಕ್ಕಳ ಕೆಲಸವನ್ನು ಅದಕ್ಕಾಗಿ ಎರಡು ಹಂಗಾಮಿನಿಂದ ತೆಗೆಯುತ್ತಿದ್ದೇನೆ. ಒಂಬತ್ತು ಚಿತ್ರಗಳು ಸಿಕ್ಕಿವೆ. ಬರಹವನ್ನು ಮೊದಲು ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದೇನೆ, ಉಳಿದ ಆರು ಚಿತ್ರಗಳಿಗೆ ಮುಂದಿನ ಫೆಬ್ರವರಿಯವರೆಗೆ ಕಾಯಬೇಕು.